ಉಸಿರು ಕಟ್ಟಿದ ವ್ಯಾಕ್ಯೂಮ್ ಕ್ಲೀನರ್

ಹೋದ ಸಂಚಿಕೆಯಲ್ಲಿ ಮಿಕ್ಸಿ ರಿಪೇರಿ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವ್ಯಾಕ್ಯೂಮ್ ಕ್ಲೀನರ್ ಕುರಿತೇ ಇದ್ದವು. ದೀಪಾವಳಿ ಹತ್ತಿರ ಬಂತಲ್ಲ, ಅಟ್ಟದಿಂದ ಯಂತ್ರ ಕೆಳಗಿಳಿಯುವ ಕಾಲ. ಮೈಸೂರಿನಲ್ಲಿ ನಮ್ಮಪ್ಪ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. 1996ರಿಂದ ಅದೇ ಬೆಂಚಿನ ಮುಂದೆ ನಾನು ಕೂರುತ್ತಿದ್ದೇನೆ. ‘ಇದು ಕೆಟ್ಟುಹೋಗಿದೆ’ ಎಂದು ತಂದಿಟ್ಟು ಹೋಗುವ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಹೆಚ್ಚಿನವಕ್ಕೆ ನಾನು ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲ. ಅದರೊಳಗೆ ಗಾಳಿ ಹೋಗುವ ದಾರಿ ಮುಚ್ಚಿರುತ್ತದೆ, ಬಿಡಿಸಿಕೊಟ್ಟರೆ ಮುಗಿಯಿತು. ಆ ದಾರಿ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಯಂತ್ರ ಮಾರುವಾಗ ಯಾರಾದರೂ ಕೂರಿಸಿ ಹೇಳಿದ್ದರೆ ಎಷ್ಟೋ ಮನೆಗಳ ದುಡ್ಡು ಉಳಿಯುತ್ತಿತ್ತು ಅನ್ನಿಸುತ್ತದೆ. ಅದಕ್ಕೇ ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮ ವ್ಯಾಕ್ಯೂಮ್ ಕ್ಲೀನರ್‌ಗೆ ಮೂರು ವರ್ಷ. ಈಗ ಸದ್ದು ಮೊದಲಿಗಿಂತ ಜೋರು, ಆದರೆ ಕಾಗದದ ಚೂರನ್ನೂ ಎಳೆಯುವುದಿಲ್ಲ. ನೋಡಲು ಬಂದವರು ‘ಮೋಟರ್ ಹೋಗಿದೆ, ಬದಲಿಸಲೇಬೇಕು’ ಎಂದು ಯಂತ್ರದ ಅರ್ಧ ಬೆಲೆ ಹೇಳಿದರು. ಬದಲಿಸಲೇ? – ಗೃಹಿಣಿ, ದಾವಣಗೆರೆ

ಈಗಲೇ ಬೇಡ, ತಾಯಿ. ಸದ್ದು ಜೋರಾಗಿದೆ ಎಂದಿರಲ್ಲ, ನನಗೆ ಅಷ್ಟು ಸುಳಿವು ಸಾಕು. ಹೋದ ಮೋಟರ್ ಕೂಗುವುದಿಲ್ಲ. ಒಳಗಿರುವ ಫ್ಯಾನು ಗಾಳಿಯನ್ನು ಎಳೆದು ಹಿಂದಕ್ಕೆ ಎಸೆಯುತ್ತಿರಬೇಕು, ಅದೇ ಅದರ ಹೊರೆ. ದಾರಿ ಮುಚ್ಚಿ ಗಾಳಿಯೇ ಬರದಿದ್ದರೆ ಹೊರೆ ಇಳಿಯುತ್ತದೆ, ಖಾಲಿ ಗಾಡಿ ಕಟ್ಟಿದ ಎತ್ತಿನ ಹಾಗೆ ಫ್ಯಾನು ಇನ್ನೂ ಜೋರಾಗಿ ಓಡುತ್ತದೆ. ‘ಗುಂಯ್’ ಎನ್ನುತ್ತಿದ್ದದ್ದು ‘ಕೀಂಯ್’ ಎನ್ನತೊಡಗುತ್ತದೆ. ಪೈಪಿನ ಬಾಯಿಗೆ ಅಂಗೈ ಮುಚ್ಚಿ ನೋಡಿ, ಎಂಥ ಒಳ್ಳೆಯ ಯಂತ್ರವೂ ಹಾಗೆಯೇ ಕೀರಲು ದನಿ ತೆಗೆಯುತ್ತದೆ.

ನಮ್ಮಪ್ಪ ಯಾವ ಯಂತ್ರ ಬಂದರೂ ಮೊದಲು ಮಾಡುತ್ತಿದ್ದ ಪರೀಕ್ಷೆ ಒಂದೇ, ನೀವೂ ಮಾಡಿ. ಪೈಪನ್ನು ಯಂತ್ರದಿಂದ ಪೂರ್ತಿ ಬಿಚ್ಚಿ. ಯಂತ್ರ ಹಚ್ಚಿ, ಪೈಪು ಕೂರುವ ತೂತಿಗೆ ಅಂಗೈ ಕೊಡಿ. ಅಂಗೈ ಗಟ್ಟಿಯಾಗಿ ಅಂಟಿಕೊಂಡರೆ ಯಂತ್ರ ಚೆನ್ನಾಗಿದೆ, ತೊಂದರೆ ಇರುವುದು ಪೈಪಿನಲ್ಲಿ. ಅಂಟಲಿಲ್ಲವೇ? ಯಂತ್ರ ಆರಿಸಿ ಚೀಲ ಖಾಲಿ ಮಾಡಿ, ಫಿಲ್ಟರ್ ಜಾಡಿಸಿ ಮತ್ತೆ ನೋಡಿ. ಆಗಲೂ ಇಲ್ಲವೆಂದರೆ ಫಿಲ್ಟರನ್ನೇ ತೆಗೆದು ಐದಾರು ಸೆಕೆಂಡು ಮಾತ್ರ ಓಡಿಸಿ. ಅದಕ್ಕಿಂತ ಹೆಚ್ಚು ಬೇಡ, ಧೂಳು ನೇರ ಮೋಟರಿಗೆ ಹೋಗುತ್ತದೆ. ಈಗ ಅಂಗೈ ಅಂಟಿತು ಎಂದರೆ ಫಿಲ್ಟರ್ ತುಂಬಿ ಮುಗಿದಿದೆ, ಹೊಸದು ಹಾಕಿ. ಇಷ್ಟೆಲ್ಲ ಆದರೂ ಎಳೆಯದಿದ್ದರೆ ಮುಚ್ಚಳದ ಸುತ್ತ ಇರುವ ರಬ್ಬರ್ ವಾಷರ್ ಮೇಲೆ ಬೆರಳಾಡಿಸಿ. ಒಂದು ಕಡೆ ಎದ್ದಿದ್ದರೂ ಸಾಕು, ಗಾಳಿ ಪೈಪಿನಿಂದ ಬರುವ ಬದಲು ಆ ಸಂದಿಯಿಂದ ನುಗ್ಗುತ್ತದೆ. ಮೋಟರಿನ ಮಾತು ಅದಾದ ಮೇಲೆ.

ಪೈಪಿನದೇ ತೊಂದರೆ ಎಂದು ಗೊತ್ತಾದರೆ ಅದನ್ನು ನೆಟ್ಟಗೆ ಎತ್ತಿ ಹಿಡಿದು ಮೇಲಿಂದ ಮಕ್ಕಳ ಗೋಲಿ ಬಿಡಿ. ಗೋಲಿ ಕೆಳಗೆ ಬೀಳಬೇಕು. ಬೀಳದಿದ್ದರೆ ಕಬ್ಬಿಣದ ತಂತಿ ತೂರಿಸಲು ಹೋಗಬೇಡಿ, ಪೈಪಿನ ಗೋಡೆ ಹರಿಯುತ್ತದೆ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ತುಂಡನ್ನು ಮೆಲ್ಲಗೆ ತಳ್ಳಿ. ಯಂತ್ರದ ಹಿಂದೆ ಬ್ಲೋವರ್ ಬಾಯಿ ಇದ್ದರೆ ಪೈಪನ್ನು ಅಲ್ಲಿಗೆ ಸಿಕ್ಕಿಸಿ ಗಾಳಿ ಊದಿಸಬಹುದು, ಇನ್ನೊಂದು ತುದಿಯನ್ನು ಗೋಣಿಚೀಲದೊಳಗೆ ಕಟ್ಟಿಡಿ, ಇಲ್ಲದಿದ್ದರೆ ಕೋಣೆಯೆಲ್ಲ ಕಸವಾಗುತ್ತದೆ.

ಹೋದ ವಾರ ಬಂದಿದ್ದ ಒಂದು ಪೈಪಿನೊಳಗೆ ಏನಿತ್ತು ಹೇಳುತ್ತೇನೆ. ಹಿಡಿಕೆಯ ಹತ್ತಿರದ ಬಾಗಿನಲ್ಲಿ ಒಂದು ಹೇರ್‌ಪಿನ್ ಅಡ್ಡಲಾಗಿ ಕೂತಿತ್ತು. ಅದಕ್ಕೆ ಉದ್ದ ಕೂದಲು ಸುತ್ತಿಕೊಂಡು, ಕೂದಲಿಗೆ ಒಣಗಿದ ತುಳಸಿ ಎಲೆ, ಮಲ್ಲಿಗೆ ದಾರ ಸಿಕ್ಕಿಕೊಂಡು, ಅದರ ಮೇಲೆ ಧೂಳು ಪದರ ಪದರವಾಗಿ ಕಂಬಳಿಯಂತೆ ಹೆಣೆದುಕೊಂಡಿತ್ತು. ಹೊರಗೆಳೆದಾಗ ಗೇಣುದ್ದದ ಬೂದು ಬಣ್ಣದ ಬತ್ತಿ. ಆ ಯಂತ್ರವನ್ನೂ ಮೋಟರ್ ಬದಲಿಸಬೇಕೆಂದು ಹೇಳಿಯೇ ನನ್ನ ಹತ್ತಿರ ಕಳಿಸಿದ್ದರು. ಬಾಗು ಇರುವ ಕಡೆಯೇ ಕಸ ನಿಲ್ಲುವುದು, ಹುಡುಕಾಟ ಅಲ್ಲಿಂದ ಶುರು ಮಾಡಿ.

ಪೈಪಿನ ತುದಿಯಲ್ಲಿ ಸೀಳು ಬಿಟ್ಟಿದ್ದರೆ ಆ ಎರಡು ಇಂಚು ಕತ್ತರಿಸಿ, ತುದಿಯ ಪ್ಲಾಸ್ಟಿಕ್ ಬಳೆಯನ್ನು ಮತ್ತೆ ತಿರುಗಿಸಿ ಹಾಕಿಕೊಳ್ಳಬಹುದು. ಹೆಚ್ಚಿನ ಕಂಪನಿಗಳ ಪೈಪಿಗೆ ಅಲ್ಲಿ ಸ್ಕ್ರೂವಿನಂತೆ ತಿರುಗಿಸುವ ಗೆರೆಗಳೇ ಇರುತ್ತವೆ.

ಪ್ರಶ್ನೆ: ಮನೆಗೆ ಪುಟ್ಟಿ ಹಾಕಿ ಬಣ್ಣ ಹೊಡೆಸಿದೆವು. ಆ ಪುಡಿಯನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆದೆ. ಈಗ ಯಂತ್ರ ಹತ್ತು ನಿಮಿಷ ಓಡಿ ತಾನೇ ನಿಂತುಬಿಡುತ್ತದೆ, ಒಂದು ಗಂಟೆ ಬಿಟ್ಟು ಹಚ್ಚಿದರೆ ಓಡುತ್ತದೆ. – ಬ್ಯಾಂಕ್ ಉದ್ಯೋಗಿ, ಬೆಂಗಳೂರು

ನಿಂತು ನಿಮ್ಮ ಯಂತ್ರ ತನ್ನನ್ನು ತಾನು ಉಳಿಸಿಕೊಂಡಿದೆ. ಮನೆಬಳಕೆಯ ಒಣ ಕಸದ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಸ ಎಳೆದ ಗಾಳಿಯೇ ಫಿಲ್ಟರ್ ದಾಟಿ ಮೋಟರಿನ ಮೈಮೇಲೆ ಹಾದು ಹೊರಗೆ ಹೋಗುತ್ತದೆ. ಮೋಟರನ್ನು ತಣ್ಣಗಿಡಲು ಬೇರೆ ಗಾಳಿ ಇಲ್ಲ. ನಿಮಿಷಕ್ಕೆ 20,000 ಸುತ್ತಿಗಿಂತ ಹೆಚ್ಚು ತಿರುಗುವ ಮೋಟರ್ ಅದು. ಗಾಳಿ ಕಡಿಮೆಯಾದರೆ ಕೆಲವೇ ನಿಮಿಷದಲ್ಲಿ ಕಾಯುತ್ತದೆ, ಆಗ ಒಳಗಿನ ಥರ್ಮಲ್ ಸ್ವಿಚ್ ಕರೆಂಟ್ ಕಡಿಯುತ್ತದೆ. ಆರಿದ ಮೇಲೆ ಮತ್ತೆ ಜೋಡಿಸುತ್ತದೆ. ಹೀಗೆ ಮೇಲಿಂದ ಮೇಲೆ ಆಗಲು ಬಿಟ್ಟರೆ ವೈಂಡಿಂಗ್ (ಮೋಟರಿನ ತಾಮ್ರದ ತಂತಿಯ ಸುರುಳಿ) ಮೇಲಿನ ವಾರ್ನಿಷ್ ಸುಟ್ಟು, ಆಗ ನಿಜವಾಗಿಯೂ ಮೋಟರ್ ಹೋಗುತ್ತದೆ.

ಪುಟ್ಟಿ, ಸಿಮೆಂಟು, ಟೈಲ್ಸ್ ಕೊಯ್ದ ಪುಡಿ, ರಂಗೋಲಿ, ಒಲೆಯ ಬೂದಿ, ಮೈದಾ ಇವು ಮನೆಯ ಸಾಧಾರಣ ಧೂಳಿನಂತಲ್ಲ. ಸಾಧಾರಣ ಧೂಳಿನಲ್ಲಿ ಕೂದಲು, ನೂಲು, ನಾರು ಇರುತ್ತದೆ, ಅದು ಫಿಲ್ಟರಿನ ಮೇಲೆ ಸಡಿಲವಾಗಿ ಕೂರುವುದರಿಂದ ಗಾಳಿಗೆ ಸಂದಿ ಉಳಿಯುತ್ತದೆ. ಪುಟ್ಟಿಪುಡಿ ಹಾಗಲ್ಲ. ಬಟ್ಟೆಯ ಒಂದೊಂದು ರಂಧ್ರಕ್ಕೂ ಇಳಿದು ಗಾರೆ ಮಾಡಿದಂತೆ ಮುಚ್ಚಿಬಿಡುತ್ತದೆ. ಫಿಲ್ಟರ್ ದಾಟಿದ ಚೂರುಪಾರು ಬೇರಿಂಗಿಗೆ ಹೋಗಿ ಮರಳಿನ ಹಾಗೆ ತೇಯುತ್ತದೆ. ಆಮೇಲೆ ಯಂತ್ರ ಗರಗರ ಎನ್ನುತ್ತದೆ.

ಈಗ ಮಾಡಬೇಕಾದ್ದು: ಚೀಲವನ್ನು ಬಯಲಿಗೆ ಒಯ್ದು ಒಳಗು ಹೊರಗು ಮಾಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊಲಿಗೆಯ ಮೂಲೆಗಳನ್ನು ಉಜ್ಜಿ. ಕಾಗದದ ಚೀಲವಾದರೆ ಬಿಸಾಡಿ, ಅದನ್ನು ಮತ್ತೆ ಬಳಸಬೇಡಿ. ಫಿಲ್ಟರಿನ ಬಿಳಿ ಪಕ್ಕ ಯಾವುದು, ಕೊಳೆ ಪಕ್ಕ ಯಾವುದು ಎಂದು ನೋಡಿಕೊಳ್ಳಿ. ಬಿಳಿ ಪಕ್ಕದಿಂದ ತಟ್ಟಿ, ಧೂಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲಿ. ಕೊಳೆ ಪಕ್ಕದಿಂದ ಒತ್ತಿ ಉಜ್ಜಿದರೆ ಇನ್ನೂ ಒಳಕ್ಕೆ ಇಳಿಯುತ್ತದೆ. ಯಂತ್ರದ ಹಿಂದೆ ಗಾಳಿ ಹೊರಹೋಗುವ ಕಡೆ ಇರುವ ತೆಳು ಸ್ಪಂಜನ್ನೂ ನೋಡಿ, ಅದೊಂದು ಇದೆ ಎಂಬುದೇ ಹಲವರಿಗೆ ಗೊತ್ತಿರುವುದಿಲ್ಲ. ಇಷ್ಟು ಮಾಡಿದ ಮೇಲೂ ನಿಲ್ಲುತ್ತಿದ್ದರೆ ಹೊಸ ಫಿಲ್ಟರ್ ತನ್ನಿ. ಮುಂದಿನ ಸಲ ಇಂಥ ಪುಡಿಯನ್ನು ಒದ್ದೆ ಬಟ್ಟೆಯಿಂದಲೇ ತೆಗೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಯಂತ್ರ ಹಚ್ಚಿದರೆ ಮುಗ್ಗಲು ವಾಸನೆ. ಫಿಲ್ಟರ್ ತೊಳೆದರೆ ಒಣಗುವುದೇ ಇಲ್ಲ. – ತೀರ್ಥಹಳ್ಳಿಯಿಂದ ಒಬ್ಬರು

ನನ್ನ ತಾಯಿಯ ತವರು ಆ ಕಡೆಯೇ. ಆಷಾಢದಲ್ಲಿ ಕರವಸ್ತ್ರ ಒಣಗಲು ಮೂರು ದಿನ ಬೇಕಾಗುವ ಊರಿನಲ್ಲಿ ಫಿಲ್ಟರ್ ತೊಳೆಯುವುದು ಎಂಥ ಕಷ್ಟ ಎಂದು ನನಗೆ ಗೊತ್ತು.

ವಾಸನೆ ಬರುವುದು ಯಂತ್ರದಿಂದಲ್ಲ, ಚೀಲದಲ್ಲಿ ಉಳಿದ ಕಸದಿಂದ. ಕೂದಲು, ಚರ್ಮದ ಹೊಟ್ಟು, ಚಕ್ಕುಲಿಯ ಚೂರು, ಸತ್ತ ಜಿರಲೆ ಎಲ್ಲ ಅದರಲ್ಲಿದೆ. ತೇವ ಸಿಕ್ಕ ಕೂಡಲೇ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕೆಲಸ ಮುಗಿದ ದಿನವೇ ಚೀಲ ಖಾಲಿ ಮಾಡಿ, ತುಂಬುವವರೆಗೆ ಕಾಯಬೇಡಿ. ಉಳಿದ ತಿಂಗಳಲ್ಲಿ ಚೀಲ ಮುಕ್ಕಾಲು ತುಂಬುವ ಮುಂಚೆ ಖಾಲಿ ಮಾಡಿದರೆ ಸಾಕು. ಯಂತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಡಬೇಡಿ. ಹಳೆಯ ಪಂಚೆ ಹೊದಿಸಿ.

ತೊಳೆಯುವ ವಿಷಯ. ‘ವಾಷಬಲ್’ ಎಂದು ಬರೆದಿರುವ ಫಿಲ್ಟರನ್ನು ಮಾತ್ರ ತೊಳೆಯಿರಿ. ತಣ್ಣೀರು ಸಾಕು, ಸೋಪು ಬೇಡ, ಹಿಂಡುವುದು ಬೇಡ. ಅತಿ ಸಣ್ಣ ಧೂಳನ್ನೂ ಹಿಡಿಯುವ, ಮಡಿಕೆ ಮಡಿಕೆಯಾದ ಕಾಗದದಂಥ ಹೆಪಾ ಫಿಲ್ಟರಿನ ಮೇಲೆ ಆ ಮಾತು ಇಲ್ಲದಿದ್ದರೆ ನೀರು ಸೋಕಿಸಲೇಬೇಡಿ. ತೊಳೆದ ಮೇಲೆ ಪೂರ್ತಿ 24 ಗಂಟೆ ಒಣಗಬೇಕು ಎಂದು ಕಂಪನಿಯವರು ಬರೆದಿರುತ್ತಾರೆ, ನಿಮ್ಮೂರಿನ ಮಳೆಗೆ ಅದು ಸಾಲದು. ಹಸಿ ಇರುವಾಗಲೇ ಹಾಕಿದರೆ ಧೂಳು ಅದರ ಮೇಲೆ ಕೆಸರಾಗುತ್ತದೆ, ತೇವ ಮೋಟರಿಗೆ ಹೋಗುತ್ತದೆ. ಹೇರ್ ಡ್ರೈಯರ್ ಬಿಸಿಗೆ ಸ್ಪಂಜು ಸುರುಟಿಕೊಳ್ಳುತ್ತದೆ, ಅದನ್ನೂ ಹಿಡಿಯಬೇಡಿ. ಬಚ್ಚಲ ಒಲೆಯ ಕೋಣೆಯಲ್ಲಿ, ಬೆಂಕಿಯಿಂದ ದೂರ, ಬಿದಿರಿನ ಗಳಕ್ಕೆ ತೂಗುಹಾಕಿ. ಎಲ್ಲಕ್ಕಿಂತ ಒಳ್ಳೆಯದು ಎರಡು ಫಿಲ್ಟರ್ ಇಟ್ಟುಕೊಳ್ಳುವುದು, ಒಂದು ಒಣಗುತ್ತಿರುವಾಗ ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನಾಗಿದ್ದರೆ ತೊಳೆಯದೆ ಬರಿ ಬ್ರಷ್ಷಿನಲ್ಲೇ ಕಳೆಯುತ್ತಿದ್ದೆ.

ಪ್ರಶ್ನೆ: ಪೈಪಿನ ಹಿಡಿಕೆ ಮುಟ್ಟಿದರೆ ಷಾಕ್ ಹೊಡೆಯುತ್ತದೆ. ಬಳಸಲು ಹೆದರಿಕೆ. – ಶಿಕ್ಷಕಿ, ವಿಜಯಪುರ

ಎರಡು ಬಗೆಯ ಷಾಕ್ ಇದೆ, ಯಾವುದೆಂದು ಮೊದಲು ತಿಳಿಯಬೇಕು. ಚಳಿಗಾಲದ ಒಣ ಹವೆಯಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನುತ್ತದಲ್ಲ, ಪ್ಲಾಸ್ಟಿಕ್ ಪೈಪಿನೊಳಗೆ ಒಣ ಧೂಳು ಉಜ್ಜಿಕೊಂಡು ಓಡುವಾಗಲೂ ಅದೇ ಆಗುತ್ತದೆ. ಒಂದೇ ಸಲ ಚುರ್ ಎಂದು ಸೂಜಿ ಚುಚ್ಚಿದಂತಾಗಿ ಸುಮ್ಮನಾದರೆ ಅದು ಈ ಬಗೆಯದು, ಅಪಾಯವಿಲ್ಲ. ನೆಲಕ್ಕೆ ಸ್ವಲ್ಪ ತೇವದ ಬಟ್ಟೆ ಎಳೆದು ಆರಿದ ಮೇಲೆ ಯಂತ್ರ ಬಳಸಿ, ನಡುನಡುವೆ ಕಿಟಕಿಯ ಸರಳು ಮುಟ್ಟಿ.

ಆದರೆ ಹಿಡಿದಷ್ಟು ಹೊತ್ತೂ ಜುಮುಜುಮು ಎನ್ನುತ್ತಿದ್ದರೆ ಅದು ಕರೆಂಟ್ ಸೋರಿಕೆ. ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕೀಳಿ, ರಿಪೇರಿ ಆಗುವವರೆಗೆ ಮುಟ್ಟಬೇಡಿ. ವೈರು ಪದೇ ಪದೇ ಮಡಚಿ ಒಳಗೆ ಹರಿದಿರಬಹುದು, ಒಳಗೆ ತೇವ ಹೋಗಿರಬಹುದು. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದಿದ್ದರೆ ದಯವಿಟ್ಟು ಹಾಕಿಸಿ. ಈ ಒಂದು ಯಂತ್ರಕ್ಕಾಗಿ ಮಾತ್ರ ಹೇಳುತ್ತಿಲ್ಲ, ಮನೆಯಲ್ಲಿರುವ ಎಲ್ಲರ ಜೀವಕ್ಕಾಗಿ ಹೇಳುತ್ತಿದ್ದೇನೆ.

ಪ್ರಶ್ನೆ: ಎಕ್ಸ್‌ಟೆನ್ಷನ್ ಬೋರ್ಡ್ ಕರಗಿತು. ಯಂತ್ರದ ತಪ್ಪೇ? – ಚಿತ್ರದುರ್ಗ

ಬೋರ್ಡಿನ ತಪ್ಪು. 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ತಾಳುವುದು 1380 ವ್ಯಾಟ್. ನಿಮ್ಮದು 1600 ವ್ಯಾಟ್ ಯಂತ್ರ ಎಂದು ಬರೆದಿದ್ದೀರಿ, ಅದಕ್ಕೆ 7 ಆಂಪಿಯರ್ ಬೇಕು. 16 ಆಂಪಿಯರಿನ ಪವರ್ ಪ್ಲಗ್ಗಿಗೇ ಹಾಕಿ. ಯಂತ್ರದ ವೈರನ್ನೂ ಹಳದಿ ಗುರುತಿನವರೆಗೆ ಪೂರ್ತಿ ಎಳೆದುಕೊಳ್ಳಿ. ಒಳಗೆ ಸುರುಳಿಯಾಗಿ ಉಳಿದ ವೈರು ಬಿಸಿಯಾಗುತ್ತದೆ. ಕೆಂಪು ಗುರುತು ಕಂಡರೆ ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ದೇವರ ಮನೆಯ ಊದುಬತ್ತಿ ಬೂದಿ, ಉರಿದ ಬತ್ತಿ ಎಳೆಯಬಹುದೇ? – ಮಂಡ್ಯ

ಬೇಡಮ್ಮ. ಕಣ್ಣಿಗೆ ಆರಿದಂತೆ ಕಂಡರೂ ಒಳಗೆ ಕೆಂಡ ಉಳಿದಿರುತ್ತದೆ. ಚೀಲದೊಳಗೆ ಗಾಳಿ ಬೀಸುತ್ತಿದೆ, ಒಣ ನೂಲು, ಕೂದಲು ಇದೆ. ಚೀಲದ ನಡುವೆ ಕಾಸಗಲ ಸುಟ್ಟು ತೂತಾದ ಯಂತ್ರ ನನ್ನ ಬೆಂಚಿಗೆ ಬಂದಿದೆ. ಪುಣ್ಯಕ್ಕೆ ಆ ಮನೆಯವರಿಗೆ ವಾಸನೆ ಬೇಗ ಹತ್ತಿತ್ತು.

ಪ್ರಶ್ನೆ: ಹಿಂದಿನ ಜಾಲರಿಯಲ್ಲಿ ನೋಡಿದರೆ ಒಳಗೆ ಕಿಡಿ ಕಾಣುತ್ತದೆ, ಸುಟ್ಟ ವಾಸನೆಯೂ ಇದೆ. – ಹುಬ್ಬಳ್ಳಿ

ಮೋಟರಿನಲ್ಲಿ ತಿರುಗುವ ಭಾಗವಾದ ಆರ್ಮೇಚರಿಗೆ ಕರೆಂಟ್ ಮುಟ್ಟಿಸಲು ಎರಡು ಪಕ್ಕದಲ್ಲಿ ಎರಡು ಕಾರ್ಬನ್ ತುಂಡುಗಳು ಸ್ಪ್ರಿಂಗಿನ ಒತ್ತಡದಲ್ಲಿ ಕೂತಿರುತ್ತವೆ. ತಾಮ್ರದ ಪಟ್ಟಿಗಳಿಗೆ ಉಜ್ಜಿಕೊಂಡು ಸವೆಯುವುದೇ ಅವುಗಳ ಕೆಲಸ. ಸಣ್ಣ ನೀಲಿ ಕಿಡಿ ಯಾವಾಗಲೂ ಇರುತ್ತದೆ. ಆದರೆ ಕಿತ್ತಳೆ ಬಣ್ಣದ ಬೆಂಕಿ ಬಳೆಯ ಹಾಗೆ ಸುತ್ತುತ್ತಿದ್ದರೆ, ಜೊತೆಗೆ ವಾಸನೆಯೂ ಇದ್ದರೆ, ಆ ದಿನವೇ ನಿಲ್ಲಿಸಿ. ಕಾರ್ಬನ್ ಪೂರ್ತಿ ಸವೆದ ಮೇಲೂ ಓಡಿಸಿದರೆ ಸ್ಪ್ರಿಂಗೇ ತಾಮ್ರಕ್ಕೆ ತಾಗಿ ಗೀರು ಹಾಕುತ್ತದೆ, ಆಗ ಆರ್ಮೇಚರ್ ಹೋದಂತೆಯೇ. ನನ್ನ ಅಂಗಡಿಯಲ್ಲಿ ಕಾರ್ಬನ್ ಅರ್ಧ ಸೆಂಟಿಮೀಟರಿಗಿಂತ ಮೋಟಾಗಿದ್ದರೆ ಬದಲಿಸಿಯೇ ಕಳಿಸುವುದು. ಯಾವಾಗಲೂ ಜೋಡಿಯಾಗಿ ಬದಲಿಸಿ. ರಿಪೇರಿಗೆ ಕೊಡುವಾಗ ‘ಹಳೆಯ ಕಾರ್ಬನ್ ನನಗೆ ವಾಪಸ್ ಕೊಡಿ’ ಎಂದು ಕೇಳಿ. ಕೇಳಿದವರ ಯಂತ್ರಕ್ಕೆ ಕೆಲಸ ಸರಿಯಾಗಿ ಆಗುತ್ತದೆ.

ಪ್ರಶ್ನೆ: ಮಗಳ ಮನೆಗೆ ನ್ಯೂಜೆರ್ಸಿಗೆ ಬಂದಿದ್ದೇನೆ. ಇಲ್ಲಿ ಮನೆ ತುಂಬ ಕಾರ್ಪೆಟ್. ಅವಳ ಯಂತ್ರದ ಕೆಳಗೆ ತಿರುಗುವ ಬ್ರಷ್ ನಿಂತುಹೋಗಿದೆ. ಅವಳಿಗೆ ಪುರುಸೊತ್ತಿಲ್ಲ, ನಾನೇ ನೋಡಬಹುದೇ? – ನಿವೃತ್ತ ತಾಯಿ

ಖಂಡಿತ ನೋಡಬಹುದಮ್ಮ, ಹೊಲಿಗೆ ಬಿಚ್ಚಿ ಅಭ್ಯಾಸವಿದ್ದರೆ ಸಾಕು. ಮೊದಲು ಪ್ಲಗ್ ಕೀಳಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆದಿಡಿ. ಯಂತ್ರ ಮಗುಚಿ ಬ್ರಷ್ಷಿನ ಉರುಳೆ ನೋಡಿ, ನಿಮ್ಮಿಬ್ಬರ ಉದ್ದ ಕೂದಲು ದಾರದುಂಡೆಯಂತೆ ಸುತ್ತಿರುತ್ತದೆ. ಕೈಯಲ್ಲಿ ಎಳೆಯಬೇಡಿ, ಬೆರಳು ಕೊಯ್ಯುತ್ತದೆ. ಉರುಳೆಯ ಉದ್ದಕ್ಕೆ ಸಣ್ಣ ಕತ್ತರಿ ಆಡಿಸಿ, ಸುತ್ತುಗಳು ತುಂಡಾಗಿ ತಾವೇ ಬಿಚ್ಚಿಕೊಳ್ಳುತ್ತವೆ. ಮುಖ್ಯ ಜಾಗ ಉರುಳೆಯ ಎರಡು ತುದಿ. ಅಲ್ಲಿನ ಮುಚ್ಚಳದೊಳಗೆ ಕೂದಲು ಬಿಗಿದುಕೊಂಡು ಬೇರಿಂಗ್ ತಿರುಗದ ಹಾಗೆ ಮಾಡಿರುತ್ತದೆ. ಉರುಳೆ ಬೆರಳಿಗೆ ಸಲೀಸಾಗಿ ತಿರುಗಿದರೂ ಯಂತ್ರ ಹಚ್ಚಿದಾಗ ತಿರುಗದಿದ್ದರೆ ಬೆಲ್ಟ್ ಹರಿದಿರಬೇಕು, ಹೊಸದನ್ನು ಮಗಳಿಗೆ ತರಿಸಲು ಹೇಳಿ. ಅಲ್ಲಿಯ ಕಾರ್ಪೆಟ್ ಮನೆಗಳಲ್ಲಿ ಈ ಕೆಲಸ ತಿಂಗಳಿಗೊಮ್ಮೆ ಇದ್ದೇ ಇದೆ.

ಪ್ರಶ್ನೆ: ಏಳು ವರ್ಷದ ಮಗನಿಗೆ ಧೂಳಿನ ಅಲರ್ಜಿ, ಉಬ್ಬಸ. ವ್ಯಾಕ್ಯೂಮ್ ಮಾಡಿದ ದಿನವೇ ಅವನಿಗೆ ಹೆಚ್ಚು ಕೆಮ್ಮು. ಯಂತ್ರ ಬಿಟ್ಟು ಪೊರಕೆಗೆ ಹಿಂತಿರುಗಲೇ? – ತಂದೆ, ತುಮಕೂರು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಯಂತ್ರವನ್ನು ಮನೆಬಳಕೆಗೆ ತಂದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಮೆರಿಕದ ಓಹಾಯೊದ ಕ್ಯಾಂಟನ್ ಊರಿನಲ್ಲಿ ಅಂಗಡಿ ಗುಡಿಸುವ ಕೆಲಸದಲ್ಲಿದ್ದರು, ಅವರಿಗೂ ಉಬ್ಬಸವಿತ್ತು. ಗುಡಿಸುವಾಗ ಏಳುವ ಧೂಳು ತಡೆಯಲಾಗದೆ ಫ್ಯಾನಿನ ಮೋಟರಿಗೆ ದಿಂಬಿನ ಚೀಲವನ್ನೂ ಪೊರಕೆಯ ಕೋಲನ್ನೂ ಜೋಡಿಸಿ ಯಂತ್ರ ಮಾಡಿಕೊಂಡರು, 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಿಮ್ಮ ಮಗನಂಥವರಿಗಾಗಿಯೇ ಹುಟ್ಟಿದ ಯಂತ್ರ ಇದು. ಪೊರಕೆಗೆ ಹೋಗಬೇಡಿ, ಪೊರಕೆ ಎಬ್ಬಿಸುವ ಧೂಳು ಇನ್ನೂ ಹೆಚ್ಚು.

ನಿಮ್ಮ ಯಂತ್ರ ಎಳೆದ ಧೂಳನ್ನು ಹಿಂದಿನಿಂದ ಉಗುಳುತ್ತಿದೆಯೇ ಎಂದು ಪರೀಕ್ಷಿಸಿ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಿಳಿ ಕರವಸ್ತ್ರವನ್ನು ಗಾಳಿ ಹೊರಬರುವ ಜಾಲರಿಯಿಂದ ನಾಲ್ಕು ಬೆರಳು ದೂರ ಒಂದು ನಿಮಿಷ ಹಿಡಿಯಿರಿ. ಜಾಲರಿಗೆ ತಾಗಿಸಬೇಡಿ, ನೀರು ಒಳಗೆ ಹನಿಯಬಾರದು. ಬೂದು ಕಲೆ ಬಿದ್ದರೆ ಫಿಲ್ಟರ್ ಹರಿದಿದೆ ಅಥವಾ ಸರಿಯಾಗಿ ಕೂತಿಲ್ಲ. ನಿಮ್ಮ ಮಾದರಿಗೆ ಹೆಪಾ ಫಿಲ್ಟರ್ ಸಿಗುತ್ತದೆಯೇ ವಿಚಾರಿಸಿ. ಅಮೆರಿಕದ ಅಳತೆಯಲ್ಲಿ ಹೆಪಾ ಎನ್ನಿಸಿಕೊಳ್ಳಲು 0.3 ಮೈಕ್ರಾನಿನಷ್ಟು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ 99.97 ಶೇಕಡಾ ಹಿಡಿಯಬೇಕು. ‘ಹೆಪಾ ಮಾದರಿಯ’ ಎಂದಷ್ಟೇ ಬರೆದದ್ದು ಅದಲ್ಲ, ಮೋಸ ಹೋಗಬೇಡಿ. ಹೆಪಾ ಹಾಕಿದರೂ ಮುಚ್ಚಳದ ವಾಷರ್ ಸಡಿಲವಿದ್ದರೆ ಪ್ರಯೋಜನವಿಲ್ಲ.

ಧೂಳಿನ ಅಲರ್ಜಿ ತರುವ, ಕಣ್ಣಿಗೆ ಕಾಣದ ಹಾಸಿಗೆಯ ಧೂಳುಹುಳಗಳಿಗೆ ಯಂತ್ರವೊಂದೇ ಸಾಲದು, ಅವು ನೂಲಿಗೆ ಕಚ್ಚಿಕೊಂಡಿರುತ್ತವೆ. ಹಾಸಿಗೆಯ ಮೇಲೆ ಯಂತ್ರವನ್ನು ನಿಧಾನವಾಗಿ, ಒಂದೇ ಜಾಗದಲ್ಲಿ ಎರಡು ಮೂರು ಸಲ ಎಳೆಯಿರಿ, ಹೊದಿಕೆ ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ.

ಕೆಮ್ಮು ಅದೇ ದಿನ ಹೆಚ್ಚುತ್ತದೆ ಎಂದರೆ ಚೀಲ ಖಾಲಿ ಮಾಡುವಾಗ ಮಗು ಹತ್ತಿರವಿತ್ತೇ ನೆನಪಿಸಿಕೊಳ್ಳಿ. ವಾರವಿಡೀ ಹಿಡಿದಿಟ್ಟ ಧೂಳು ಒಂದೇ ಸಲ ಏಳುವುದು ಆಗಲೇ. ಆ ಕೆಲಸ ಮನೆಯ ಹೊರಗೆ ಆಗಲಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ನೀರು ಚಿಮುಕಿಸಿದ ವೃತ್ತಪತ್ರಿಕೆಯ ಮೇಲೆ ಮೆಲ್ಲಗೆ ಸುರಿದು, ಕೂಡಲೇ ಸುತ್ತಿ ಕಟ್ಟಿಬಿಡಿ. ವ್ಯಾಕ್ಯೂಮ್ ಮಾಡುವುದನ್ನೂ ಅವನು ಶಾಲೆಗೆ ಹೋದ ಮೇಲೆ ಇಟ್ಟುಕೊಳ್ಳಿ. ಮುಗಿದ ಮೇಲೆ ಕಿಟಕಿ ತೆರೆದಿಡಿ, ಅವನು ಮನೆಗೆ ಬರುವಷ್ಟರಲ್ಲಿ ಎದ್ದ ಧೂಳು ಕೂತಿರುತ್ತದೆ. ಹದಿನೈದು ದಿನ ಹೀಗೆ ಮಾಡಿ ನೋಡಿ, ಆಗಲೂ ಕೆಮ್ಮು ಇಳಿಯದಿದ್ದರೆ ವೈದ್ಯರಿಗೆ ಇದೆಲ್ಲವನ್ನೂ ಬಿಡಿಸಿ ಹೇಳಿ. ಕರವಸ್ತ್ರದ ಮೇಲೆ ಕಲೆ ಬಿತ್ತೋ ಇಲ್ಲವೋ ಎಂದು ನನಗೂ ಒಂದು ಸಾಲು ಬರೆಯಿರಿ.